ಪಕ್ಕದಲ್ಲಿ ಕೂತು ಓದಿದ ಮೇಲೆ

ಹದಿನೈದು ವರ್ಷದಿಂದ ಚರ್ಚಲ್ಲಿ ಬೈಬಲ್ ವಾಚನ ಓದ್ತಿದೀನಿ. ಗುಡ್ ಫ್ರೈಡೇ ದಿನ ನಾವು ಕ್ಯಾಥೊಲಿಕ್ಕರು ಯೋಹಾನನ ಸುವಾರ್ತೆಯಿಂದ ಯೇಸುವಿನ ಯಾತನೆಯ ಕಥೆ ಓದೋದು, ಅದ್ರಲ್ಲಿ ಯೇಸುನ ಶಿಲುಬೆಗೇರಿಸು ಅಂತ ಯೆಹೂದ್ಯರು ಕೂಗಿದರು ಅಂತ ಬರೋ ಕಡೆ ನಾನು ದನಿ ಏರಿಸಿ ಓದ್ತಿದ್ದೆ, ಆದ್ರೆ ಜೀವನದಲ್ಲಿ ಒಬ್ಬ ಯೆಹೂದ್ಯರ ಜೊತೆನೂ ಕೂತು ಮಾತಾಡಿರ್ಲಿಲ್ಲ.

ಆಮೇಲೆ ಒಂದು ಓದುವ ಗುಂಪು ಸೇರ್ದೆ, ನಾವು ನಾಲ್ಕು ಜನ ಕ್ರೈಸ್ತರು, ಅವರು ನಾಲ್ಕು ಜನ ಯೆಹೂದ್ಯರು. ಅವರಲ್ಲಿ ಹವ್ರೂತಾ ಅಂತ ಒಂದು ಪದ್ಧತಿ ಇದೆ, ಇಬ್ಬಿಬ್ಬರು ಜೊತೆಯಾಗಿ ಒಂದೇ ಪಠ್ಯ ಜೋರಾಗಿ ಓದಿ ಸಾಲು ಸಾಲಿಗೂ ವಾದ ಮಾಡೋದು. ನಾವೂ ಹಾಗೇ ಮಾಡಿದ್ವಿ. ಯಾರೂ ಯಾರನ್ನೂ ಮತಾಂತರ ಮಾಡೋ ಮಾತಿಲ್ಲ, ಅದೊಂದೇ ರೂಲು.

ನನ್ನ ಜೋಡಿ ಒಬ್ರು ವಯಸ್ಸಾದ ಅಮ್ಮ. ಮೊದಲ ತಿಂಗಳೇ ನಾನು ಯೆಶಾಯ 53 ತಗೊಂಡು ಹೋದೆ, ಬೇರೆಯವರ ಪಾಪಕ್ಕಾಗಿ ನೋವು ತಿನ್ನೋ ದೇವರ ಸೇವಕನ ಬಗ್ಗೆ ಇರೋ ಅಧ್ಯಾಯ ಅದು, ಆ ಸೇವಕ ಯೇಸುನೇ, ಇನ್ಯಾರು ಅನ್ನೋ ಹುರುಪಲ್ಲಿ. ಅವರು ಸಿಟ್ಟಾಗ್ಲಿಲ್ಲ, ಪುಟ ಹಿಂದಕ್ಕೆ ತಿರುಗಿಸಿ 41:8 ಓದಿಸಿದ್ರು, ಅಲ್ಲಿ ದೇವರು "ನನ್ನ ಸೇವಕ" ಅಂತ ಕರೆಯೋದು ಇಸ್ರಾಯೇಲನ್ನ, ಅಂದ್ರೆ ಅವರ ಇಡೀ ಜನಾಂಗವನ್ನ. ನನ್ನ ನಂಬಿಕೆ ಬದಲಾಗಿಲ್ಲ, ಇವತ್ತಿಗೂ ಅಲ್ಲಿ ನಂಗೆ ಕ್ರಿಸ್ತನೇ ಕಾಣೋದು, ಆದ್ರೆ ಅವರು ಯಾಕೆ ಹಾಗೆ ಓದ್ತಾರೆ ಅಂತ ಗೊತ್ತಾಯ್ತು, ಅವರದು ಬರೀ ಮೊಂಡುತನ ಅಂತ ಚಿಕ್ಕಂದಿನಿಂದ ತಲೇಲಿ ಕೂತಿದ್ದು ಅವತ್ತೇ ಹೋಯ್ತು.

ಫರಿಸಾಯರು ಅಂದ್ರೆ ಯೇಸುವಿನ ಕಾಲದ ಒಂದು ಯೆಹೂದ್ಯ ಧಾರ್ಮಿಕ ಪಂಗಡ, ಆ ಹೆಸರನ್ನಂತೂ ನಾನು ಬೈಗುಳದ ಥರ ಬಳಸ್ತಿದ್ದೆ, ಕಪಟಿ ಅನ್ನೋಕೆ. ಲೂಕ 13:31 ಒಟ್ಟಿಗೆ ಓದಿದಾಗ ಅಲ್ಲಿನ ಅರಸ ಹೆರೋದ ನಿನ್ನನ್ನ ಕೊಲ್ಲಬೇಕಂತಿದಾನೆ, ಇಲ್ಲಿಂದ ಹೊರಡು ಅಂತ ಯೇಸುಗೆ ಹೇಳ್ದೋರು ಫರಿಸಾಯರೇ ಅಂತ ಕಾಣಿಸ್ತು. ಎಷ್ಟು ಸಲ ಓದಿದ್ನೋ ಆ ವಚನ, ಕಣ್ಣಿಗೇ ಬಿದ್ದಿರ್ಲಿಲ್ಲ.

ಕೊನೆಗೆ ಯೋಹಾನ 19 ಬಂತು, ಆ ಕೂಗಿನ ಸಾಲು ಇರೋ ಅಧ್ಯಾಯ. ಓದೋ ಸರದಿ ನಂದು, ಗಂಟಲು ಕಟ್ಟಿತು. ಆ ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ನೆ ಕೂತಿದ್ರು, ಆಮೇಲೆ ಮೆಲ್ಲಗೆ ಹೇಳಿದ್ರು, "ನಮ್ಮಜ್ಜಿ ಗುಡ್ ಫ್ರೈಡೇ ದಿನ ಮಕ್ಕಳನ್ನ ಬೀದಿಗೆ ಬಿಡ್ತಿರ್ಲಿಲ್ಲ, ಪೂಜೆ ಮುಗಿಸಿ ಬಂದೋರು ಕಲ್ಲು ಹೊಡೀತಿದ್ರು." ನಾನು ದನಿ ಏರಿಸಿ ಓದ್ತಿದ್ದ ಅದೇ ಸಾಲು ಕೇಳಿ ಬಂದೋರು.

1965ರ ಅಕ್ಟೋಬರ್ 28ಕ್ಕೆ ನಮ್ಮ ಕ್ಯಾಥೊಲಿಕ್ ಧರ್ಮಸಭೆ, ಬೇರೆ ಧರ್ಮಗಳ ಬಗ್ಗೆ ಹೊರಡಿಸಿದ ನೋಸ್ತ್ರಾ ಎತಾತೆ ಅನ್ನೋ ಘೋಷಣೆಯಲ್ಲಿ ಸ್ಪಷ್ಟವಾಗೇ ಹೇಳಿತ್ತು, ಯೇಸುವಿನ ಸಾವಿನ ಹೊಣೆ ಅಂದಿನ ಯೆಹೂದ್ಯರೆಲ್ಲರ ಮೇಲೂ ಹೊರಿಸೋ ಹಾಗಿಲ್ಲ, ಇಂದಿನವರ ಮೇಲಂತೂ ಇಲ್ವೇ ಇಲ್ಲ ಅಂತ. ಆ ದಾರಿ ತೆರೆಯೋಕೆ ಕಾರಣರಾದವರಲ್ಲಿ ಫ್ರಾನ್ಸಿನ ಯೆಹೂದ್ಯ ಇತಿಹಾಸಕಾರ ಜೂಲ್ ಇಸಾಕ್ ಒಬ್ರು, ಹೆಂಡತಿ ಮಗಳನ್ನ ನಾಜಿಗಳ ಕೈಲಿ ಕಳ್ಕೊಂಡ ಆತ 1960ರಲ್ಲಿ ಪೋಪ್ 23ನೇ ಜಾನ್ ಹತ್ರ ಹೋಗಿ ಕೇಳ್ಕೊಂಡಿದ್ದರು. ಇದೆಲ್ಲ ನಾನು ಪರೀಕ್ಷೆಗೆ ಓದ್ದಂಗೆ ಓದಿದ್ದೆ. ಆ ಬೆರಳು ನೋಡಿದ ಮೇಲೇ ಅರ್ಥ ಆಗಿದ್ದು.

ಈ ವರ್ಷವೂ ಗುಡ್ ಫ್ರೈಡೇಗೆ ಓದ್ದೆ. ಪಠ್ಯದ ಒಂದಕ್ಷರನೂ ಬದಲಾಯಿಸೋ ಹಾಗಿಲ್ಲ, ಅದಕ್ಕೇ ಫಾದರ್ ಒಪ್ಪಿಗೆ ತಗೊಂಡು ಪೂಜೆಗೆ ಮುಂಚೆ ಎರಡು ವಾಕ್ಯ ಹೇಳಿದೆ, ಯೇಸು, ಅವರ ತಾಯಿ, ಶಿಲುಬೆ ಕೆಳಗೆ ನಿಂತಿದ್ದ ಶಿಷ್ಯ ಎಲ್ಲರೂ ಯೆಹೂದ್ಯರೇ, ಇಲ್ಲಿ ಕೂಗಿದ್ದು ಒಂದು ಗುಂಪು, ಒಂದು ಜನಾಂಗ ಅಲ್ಲ ಅಂತ. ಆ ವಾಕ್ಯಗಳನ್ನ ಹಿಂದಿನ ರಾತ್ರಿ ನನ್ನ ಓದಿನ ಜೋಡಿ ಆ ಅಮ್ಮನಿಗೆ ಫೋನಲ್ಲಿ ಓದಿ ಹೇಳಿದ್ದೆ. ಅವರು ಇನ್ನೊಂದ್ಸಲ ಓದು ಅಂದ್ರು.