ನೋವು ಕಾಲಿನಿಂದ ಸೊಂಟಕ್ಕೆ ಹತ್ತಬೇಕು: ಸಯಾಟಿಕಾ ನೋಡಿಕೊಳ್ಳುವ ನನ್ನ ಕ್ರಮ

ಸಯಾಟಿಕಾ, ಅಂದರೆ ಸೊಂಟದಲ್ಲಿ ನರ ಕೆರಳಿ ಕಾಲಿಗೆ ಇಳಿಯುವ ನೋವು, ಎಂದು ಫಿಸಿಯೊಥೆರಪಿಗೆ ಬಂದವರಿಗೆ ಮೊದಲು ನಾನು ಹೇಳುವುದು, ನೋವು ಎಲ್ಲಿಯವರೆಗೆ ಇಳಿದಿದೆ ಎಂದು ಬೆರಳಿಟ್ಟು ತೋರಿಸಿ ಅಂತ. ಹೆಬ್ಬೆರಳಿನ ಕಡೆ, ಪಾದದ ಮೇಲ್ಭಾಗದಲ್ಲಿ ಜೋಮು ಇದ್ದರೆ ಸಾಮಾನ್ಯವಾಗಿ ಎಲ್‌5 ನರದ ಬೇರು, ಅಂದರೆ ಸೊಂಟದ ಐದನೇ ಮೂಳೆಯ ಬಳಿ ಹೊರಡುವ ನರದ ಬುಡ, ಕೆರಳಿದೆ ಎಂದರ್ಥ. ಹಿಮ್ಮಡಿ, ಕಿರುಬೆರಳು, ಪಾದದ ಹೊರ ಅಂಚಾದರೆ ಅದರ ಕೆಳಗಿನ ಎಸ್‌1. ಆಮೇಲೆ ಕಾಲಿನ ಬಲ ನೋಡಲು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸುತ್ತೇನೆ. ಗೋಡೆಗೆ ಕೈಯಾನಿಸಿ, ಒಂಟಿಕಾಲಲ್ಲಿ ನಿಂತು ಹತ್ತು ಸಲ ಹಿಮ್ಮಡಿ ಎತ್ತಿಸುತ್ತೇನೆ. ನೋವಿಗೆ ಹೆದರಿ ಎತ್ತದಿರುವುದು ಬೇರೆ, ಬಲವೇ ಇಲ್ಲದೆ ಕಾಲು ಕುಸಿಯುವುದು ಬೇರೆ.

ಮೂತ್ರ ಕಟ್ಟಿದೆಯೇ, ಗೊತ್ತಾಗದೆ ಹೋಗುತ್ತಿದೆಯೇ, ಗುದ–ಜನನಾಂಗದ ಸುತ್ತ ಮರಗಟ್ಟಿದೆಯೇ, ನೋವು ಎರಡೂ ಕಾಲಿಗೆ ಹರಡಿದೆಯೇ ಎಂದು ಬಾಯಿಬಿಟ್ಟು ಕೇಳಲೇಬೇಕು. ಮುಜುಗರಕ್ಕೆ ಯಾರೂ ತಾವಾಗಿ ಹೇಳುವುದಿಲ್ಲ. ಇವುಗಳಲ್ಲಿ ಒಂದಿದ್ದರೂ, ಅಥವಾ ಪಾದ ಜೋತುಬಿದ್ದಿದ್ದರೂ, ವ್ಯಾಯಾಮದ ಮಾತಿಲ್ಲ, ಅಂದೇ ಆಸ್ಪತ್ರೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು ಇದ್ದರೂ ಮೊದಲು ಡಾಕ್ಟರು.

ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕು, ಹೊರಚಾಚಿ ನರ ಕೆರಳಿಸಿದ ನೋವಿಗೆ ನಾನು ಶುರು ಮಾಡುವುದು ಬೋರಲು ಮಲಗಿಸುವುದರಿಂದ. ಎರಡು–ಮೂರು ನಿಮಿಷ ಸುಮ್ಮನೆ ಮಲಗಬೇಕು. ಆಗದಿದ್ದರೆ ಹೊಟ್ಟೆಯಡಿ ದಿಂಬು. ಒಗ್ಗಿದ ಮೇಲೆ ಮೊಣಕೈ ಊರಿ ಎದೆ ಎತ್ತುವುದು. ಅದೂ ಸಲೀಸಾದರೆ ಅಂಗೈ ಊರಿ, ಸೊಂಟವನ್ನು ಚಾಪೆಗೇ ಬಿಟ್ಟು, ಮೈಯ ಮೇಲ್ಭಾಗ ಮಾತ್ರ ಎತ್ತಿ ಇಳಿಸುವುದು: ಹತ್ತು ಸಲ, ಎರಡು–ಮೂರು ಗಂಟೆಗೊಮ್ಮೆ. ಇಲ್ಲಿ ಕುಂಡೆ ಬಿಗಿಹಿಡಿಯುವುದೇ ಎಲ್ಲರೂ ಮಾಡುವ ತಪ್ಪು. ಬಿಗಿಹಿಡಿದರೆ ಸೊಂಟ ಬಾಗುವುದೇ ಇಲ್ಲ.

ಇದರ ಫಲ ಅಳೆಯುವುದು ಹೀಗೆ. ಮೀನಖಂಡದಲ್ಲಿದ್ದ ನೋವು ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹತ್ತುತ್ತಿದ್ದರೆ ದಾರಿ ಸರಿಯಿದೆ, ಆ ಹೊತ್ತಿಗೆ ಸೊಂಟ ಮೊದಲಿಗಿಂತ ಜಾಸ್ತಿ ನೋಯುತ್ತಿದ್ದರೂ ಸರಿ. ಬಹಳ ಜನ ಇಲ್ಲೇ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ಸೊಂಟ ಹಗುರವಾಗಿ ನೋವು ಪಾದದ ಕಡೆ ಇಳಿದು ಅಲ್ಲೇ ನಿಂತರೆ ಮಾತ್ರ ಆ ವ್ಯಾಯಾಮ ಬಿಡಬೇಕು. ಮೈ ಒಂದು ಪಕ್ಕಕ್ಕೆ ವಾಲಿದ್ದರೆ ಬೋರಲು ವ್ಯಾಯಾಮ ಕೈಗೂಡದು. ಮೊದಲು ವಾಲಿದ ಕಡೆಯ ಭುಜವನ್ನು ಗೋಡೆಗೆ ಆನಿಸಿ, ಪಾದಗಳನ್ನು ಗೋಡೆಯಿಂದ ಸ್ವಲ್ಪ ದೂರವಿಟ್ಟು, ಸೊಂಟವನ್ನು ನಿಧಾನವಾಗಿ ಗೋಡೆಯತ್ತ ತಳ್ಳಬೇಕು.

ವಯಸ್ಸಾದವರ ಕಾಲುನೋವೂ ಡಿಸ್ಕಿನದೇ ಅಂದುಕೊಳ್ಳಬಾರದು. ನಡೆದರೆ ಕಾಲು ಭಾರವಾಗಿ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರವಾಗುವುದು ನರದ ದಾರಿ ಕಿರಿದಾದ ಲಕ್ಷಣ. ಅಂಥವರಿಗೆ ಹಿಂದಕ್ಕೆ ಬಾಗಿಸಿದರೆ ತೊಂದರೆ ಹೆಚ್ಚು. ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ತರುವುದು, ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದು.

ನರ ಬಿಡಿಸುತ್ತೇವೆಂದು ಪಾದಕ್ಕೆ ಟವೆಲ್ ಹಾಕಿ ಕಾಲು ಎಳೆದು ಹಿಡಿಯುವುದನ್ನು ಮೊದಲ ವಾರಗಳಲ್ಲಿ ಮಾಡಲೇಬೇಡಿ. ಕೆರಳಿದ ನರ ಎಳೆತ ಸಹಿಸದು, ಜಾರಾಟ ಸಹಿಸುತ್ತದೆ. ಕುರ್ಚಿಯಲ್ಲಿ ಕೂತು ಕಾಲು ಚಾಚುವಾಗ ತಲೆ ಮೇಲಕ್ಕೆ, ಕಾಲು ಮಡಿಸುವಾಗ ಗಲ್ಲ ಎದೆಗೆ. ಎಲ್ಲೂ ಹಿಡಿದು ನಿಲ್ಲಿಸದೆ ಹತ್ತು ಸಲ, ದಿನಕ್ಕೆ ಎರಡು–ಮೂರು ಬಾರಿ. ನಿಲ್ಲಿಸಿದ ಮೇಲೂ ಜೋಮು ಹಾಗೇ ಉಳಿದರೆ ಚಾಚಿದ್ದು ಅತಿಯಾಯಿತು.

ಇಷ್ಟು ಮಾಡಿ ಬಚ್ಚಲಿಗೆ ಹೋಗಿ ಬಗ್ಗಿ ಚೊಂಬಿನಲ್ಲಿ ನೀರು ಮೊಗೆದರೆ ಮಾಡಿದ್ದೆಲ್ಲ ನೀರಿಗೆ! ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬಿರುತ್ತದೆ, ಹಾಗಾಗಿ ಎದ್ದ ಮೊದಲ ಒಂದು ಗಂಟೆ ಬಗ್ಗುವುದು ಆದಷ್ಟು ಬೇಡ. ಬಕೆಟ್ಟನ್ನು ಸ್ಟೂಲಿನ ಮೇಲಿಡಿ. ಗುಡಿಸಲು ಉದ್ದ ಹಿಡಿಯ ಪೊರಕೆ. ಕೆಲವು ವಾರ ನೆಲದೂಟ ಬಿಟ್ಟು ಮೇಜಿನ ಮೇಲೆ ಊಟ, ಕಮೋಡ್ ಬಳಕೆ. ಹಂಪ್ ತುಂಬಿದ ರಸ್ತೆಯಲ್ಲಿ ಸ್ಕೂಟರ್ ಬೇಡ. ಸೀನು ಬಂದರೆ ಎದ್ದು, ಗೋಡೆ ಹಿಡಿದು, ಸೊಂಟ ಹಿಂದಕ್ಕೆ ಬಾಗಿಸಿ ಸೀನಿ.

ಹಾಸಿಗೆಯಲ್ಲಿ ಒಂದೆರಡು ದಿನ ಸಾಕು. ಆಮೇಲೆ ಸಮತಟ್ಟಾದ ಜಾಗದಲ್ಲಿ ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ ನಡಿಗೆ. ಮರಗಟ್ಟಿದ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ತಿಳಿಯದು. ಸಕ್ಕರೆ ಕಾಯಿಲೆಯವರಿಗಂತೂ ಬೇಡವೇ ಬೇಡ. ನೋವಿನ ಮಾತ್ರೆ ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇರುವವರು ಕೇಳದೆ ನುಂಗಬಾರದು. ನರದ ಮಾತ್ರೆಯೆಂದು ಕೊಡುವ ಪ್ರಿಗ್ಯಾಬಲಿನ್ 2017ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಹುಸಿಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ ಕೊಟ್ಟಿತು. ಆದರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ಬಿಡದೆ ಡಾಕ್ಟರ ಹತ್ತಿರ ಮಾತಾಡಿ ಇಳಿಸಬೇಕು.

ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದೊಳಗೆ ಸಾಕಷ್ಟು ಇಳಿಯುತ್ತದೆ. ಹೊರಬಂದ ಡಿಸ್ಕಿನ ತುಣುಕನ್ನು ದೇಹವೇ ಎಷ್ಟೋ ಸಲ ಕರಗಿಸುತ್ತದೆ. ನೋವು ಹೋದ ಮೇಲೂ ಜೋಮು ತಿಂಗಳುಗಟ್ಟಲೆ ಉಳಿಯಬಹುದು. ಅದಷ್ಟಕ್ಕೇ ಎಂಆರ್‌ಐ ಬೇಡ; ಬಲ ಕುಗ್ಗುತ್ತಿದ್ದರೆ, ಅಥವಾ ಆರು ವಾರವಾದರೂ ನೋವು ಮೀನಖಂಡ ಬಿಟ್ಟು ಮೇಲಕ್ಕೆ ಹತ್ತದಿದ್ದರೆ ಬೇಕು.