ಅಚ್ಚಾದ ಸಾಹಸದ ಪುಸ್ತಕ ಹಿಡಿದು ಡಿ ಅಂಡ್ ಡಿ ಆಡಿಸುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಡಿ ಅಂಡ್ ಡಿ, ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕೂಡಿ ಕಥೆ ಕಟ್ಟುವ ಆಟ. ಕಥೆ ಹೇಳುತ್ತಾ ಆಟವನ್ನು ನಡೆಸುವವರನ್ನು ಡಿಎಂ (ಡಂಜನ್ ಮಾಸ್ಟರ್) ಅನ್ನುತ್ತಾರೆ. ಹೊಸ ಡಿಎಂಗಳು ಪುಸ್ತಕ ತೆರೆದು ಸುಮ್ನೆ ಓದುತ್ತಾ ಹೋಗುತ್ತಾರೆ. ಹತ್ತೇ ನಿಮಿಷದಲ್ಲಿ ಆಟಗಾರರ ಕೈಗೆ ಫೋನ್ ಬರುತ್ತದೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಚಿಕ್ಕ ಸಾಹಸ, ಅಂದರೆ ಆಡಿಸಲು ಸಿದ್ಧವಾಗಿ ಅಚ್ಚಾದ ಕಥೆ, ಆರಿಸಿ. 2014ರ ಸ್ಟಾರ್ಟರ್ ಸೆಟ್‌ನ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ನನ್ನ ಆಯ್ಕೆ. 64 ಪುಟ, ಸಿದ್ಧವಾಗಿರುವ ಐದು ಪಾತ್ರಗಳು, ಒಂದರಿಂದ ಐದನೇ ಲೆವೆಲ್‌ವರೆಗಿನ (ಪಾತ್ರ ಬಲಿಯುತ್ತಾ ಏರುವ ಮೆಟ್ಟಿಲು) ಆಟ. ಆ ಡಬ್ಬಿ ಸಿಗದಿದ್ದರೆ 2023ರ 'ಫ್ಯಾಂಡೆಲ್ವರ್ ಅಂಡ್ ಬಿಲೋ' ತೆಗೆದುಕೊಳ್ಳಿ. ಅದರ ಶುರುವಿನ ಭಾಗ ಇದೇ ಕಥೆ.

ಆಮೇಲೆ ಪಾತ್ರ ಕಟ್ಟಲು ಹೆಚ್ಚಿನ ಆಯ್ಕೆ ಕೊಡುವ ಪೂರಕ ಪುಸ್ತಕಗಳಿಗೆ ಮಿತಿ ಹಾಕಿ. ಒಬ್ಬರು 'ಜಾನಥಾರ್ಸ್ ಗೈಡ್' ತರುತ್ತಾರೆ, ಇನ್ನೊಬ್ಬರು 'ಟಾಶಾಸ್ ಕಾಲ್ಡ್ರನ್'. ಮೂಲ ನಿಯಮಗಳ ಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್ ಜೊತೆ ಒಬ್ಬರಿಗೆ ಒಂದೇ ಪುಸ್ತಕ ಅಂತ ಮೊದಲೇ ಹೇಳಿಬಿಡಿ. ಅಧಿಕೃತ ಕೂಟಗಳಲ್ಲೂ ವರ್ಷಗಟ್ಟಲೆ ಈ ನಿಯಮ ಇತ್ತು.

ಇನ್ನು ನಿಜವಾದ ಕೆಲಸ. ಮುಂದಿನ ಸೆಷನ್‌ಗೆ (ಒಂದು ಸಲದ ಆಟಕ್ಕೆ) ಬೇಕಾದಷ್ಟನ್ನು ಮಾತ್ರ ಎರಡು ಸಲ ಓದಿ, ಪುಸ್ತಕ ಮುಚ್ಚಿ, ಒಂದೇ ಹಾಳೆಯಲ್ಲಿ ಬರೆಯಿರಿ. ಯಾವ ಕೋಣೆಯಲ್ಲಿ ಏನಿದೆ ಅಂತಲ್ಲ, ಯಾರಿಗೆ ಏನು ಬೇಕು ಅಂತ. ಫ್ಯಾಂಡೆಲ್ವರ್ ಕಥೆಯಲ್ಲಿ ಬರುವ ಗಾಬ್ಲಿನ್‌ಗಳ (ಕುಳ್ಳ ದುಷ್ಟ ಜೀವಿಗಳ) ಗುಹೆಯನ್ನೇ ನೋಡಿ. ನಾಯಕ ಕ್ಲಾರ್ಗ್. ಅವನ ಕೈಕೆಳಗಿನ ಯೀಮಿಕ್‌ಗೆ ನಾಯಕನ ಪಟ್ಟದ ಮೇಲೆ ಕಣ್ಣು. ಸೆರೆಯಾಳು ಸಿಲ್ಡಾರ್ ಇರುವುದು ಯೀಮಿಕ್ ಕೈಯಲ್ಲಿ. ಕ್ಲಾರ್ಗ್‌ನನ್ನು ಕೊಂದರೆ ಸೆರೆಯಾಳನ್ನು ಬಿಡುತ್ತೇನೆ ಅಂತ ಅವನೇ ಚೌಕಾಸಿಗೆ ಇಳಿಯುತ್ತಾನೆ. ಇದು ಹಾಳೆಯಲ್ಲಿದ್ದರೆ ಆಟಗಾರರು ಕತ್ತಿ ಕೆಳಗಿಟ್ಟು ಮಾತಿಗೆ ನಿಂತರೂ ನಿಮಗೆ ಉತ್ತರ ಸಿದ್ಧ. ಗಾಬ್ಲಿನ್‌ಗಳ ಬಲಾಬಲದ ಅಂಕಿಸಂಖ್ಯೆ ಮಾತ್ರ ಇದ್ದರೆ ಹೊಡೆದಾಟ ಬಿಟ್ಟು ಬೇರೆ ದಾರಿ ಇಲ್ಲ. ಸಾರಾಂಶದ ವಿಡಿಯೊ ನೋಡಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ಯೀಮಿಕ್‌ನ ಆಸೆಯಂಥದ್ದೇ ಅಲ್ಲಿ ಮೊದಲು ಬಿಟ್ಟುಹೋಗುವುದು.

ಹಾಳೆಯ ಹಿಂಬದಿಯಲ್ಲಿ ಆಟಗಾರರಿಗೆ ಸಿಗಲೇಬೇಕಾದ ಸುದ್ದಿ ಬರೆದು, ಪ್ರತಿಯೊಂದನ್ನೂ ಮೂರು ಕಡೆ ಇಡಿ. ಒಂದು ಹೆಜ್ಜೆಗುರುತು, ಒಂದು ಕಾಗದ, ಒಬ್ಬ ಅಂಗಡಿಯವನ ಮಾತು. ಎರಡನ್ನು ಅವರು ಖಂಡಿತ ಗಮನಿಸದೆ ಹೋಗುತ್ತಾರೆ.

ಮೊದಲ ಕಾಳಗದಲ್ಲಿ ತುಂಬಾ ಹುಷಾರು. ಕಥೆಯ ಶುರುವಿನಲ್ಲೇ ದಾರಿಯಲ್ಲಿ ಸತ್ತು ಬಿದ್ದ ಕುದುರೆಗಳ ಹತ್ತಿರ ನಾಲ್ಕು ಗಾಬ್ಲಿನ್‌ಗಳು ಹೊಂಚು ಹಾಕಿರುತ್ತವೆ. ಒಂದು ಬಾಣಕ್ಕೆ ಮೂರರಿಂದ ಎಂಟು ಪಾಯಿಂಟ್ ಪೆಟ್ಟು. ಮೊದಲ ಲೆವೆಲ್‌ನ ಮಾಂತ್ರಿಕನ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳಬಲ್ಲ ಅನ್ನುವ ಲೆಕ್ಕ, ಎಂಟರ ಆಸುಪಾಸು. ನಾಲ್ಕೂ ಒಬ್ಬನಿಗೇ ಗುರಿಯಿಡುವುದು ಬೇಡ. ಎಲ್ಲರೂ ಬಿದ್ದರೆ? ಗಾಬ್ಲಿನ್‌ಗಳು ದೋಚಿಕೊಂಡು, ಅವರನ್ನು ಪ್ರಜ್ಞೆ ಇಲ್ಲದ ಹಾಗೇ ಬಿಟ್ಟು ಹೋಗುತ್ತವೆ ಅಂತ ಪುಸ್ತಕದಲ್ಲೇ ಇದೆ. ಆ ಸಾಲು ನೋಡದೆ ವಾರಗಟ್ಟಲೆ ನಡೆಯಬೇಕಾದ ಕಥೆಯನ್ನು (ಕ್ಯಾಂಪೇನ್) ಮೊದಲ ದಿನವೇ ಮುಗಿಸಿದವರಿದ್ದಾರೆ.

ಆಟಗಾರರಿಗೆ ಓದಿ ಹೇಳಲು ಪುಸ್ತಕದ ಚೌಕಟ್ಟಿನೊಳಗೆ ಕೊಟ್ಟಿರುವ ಇಂಗ್ಲಿಷ್ ವರ್ಣನೆಯನ್ನು ಹಾಗೇ ಓದಬೇಡಿ. ಎರಡು ವಾಕ್ಯದಲ್ಲಿ ನಿಮ್ಮ ಕನ್ನಡದಲ್ಲೇ ಹೇಳಿ. ಪಾತ್ರಗಳನ್ನು ಮೇಜಿನ ಮೇಲೆ ತೋರಿಸುವ ಪುಟ್ಟ ಗೊಂಬೆಗಳಿಗೆ ದುಡ್ಡು ಸುರಿಯಬೇಡಿ, ಗಾಬ್ಲಿನ್‌ಗೆ ಹುಣಸೆ ಬೀಜ ಸಾಕು. ದಾಳ ಮಾತ್ರ ಒಳ್ಳೆಯದೇ ಕೊಳ್ಳಿ. ಅಗ್ಗದ ಸೆಟ್‌ನಲ್ಲಿ ಅಂಕಿಯ ಬಣ್ಣ ಬೇಗ ಅಳಿಸಿಹೋಗಿ, ಇಪ್ಪತ್ತು ಮುಖದ ದಾಳದಲ್ಲಿ ಏನು ಬಿತ್ತು ಅಂತಲೇ ಗೊತ್ತಾಗುವುದಿಲ್ಲ.

ಆಟ ಮುಗಿಸಿ ಏಳುವ ಮೊದಲು ಆಟಗಾರರನ್ನು 'ಮುಂದಿನ ವಾರ ಎಲ್ಲಿಗೆ ಹೋಗುತ್ತೀರಿ?' ಅಂತ ಕೇಳಿ. ಮುಂದಿನ ಹಾಳೆ ಅದಕ್ಕೆ ಮಾತ್ರ ಬರೆಯಿರಿ.