ಹಳ್ಳದಲ್ಲಿ ಸ್ಟೋನ್‌ಫ್ಲೈ ಮರಿ ಹುಡುಕುವ ಬಗೆ

ಸ್ಟೋನ್‌ಫ್ಲೈ ಎಂಬ ಕೀಟದ, ನೀರಿನಲ್ಲೇ ಬೆಳೆಯುವ ಮರಿಗೆ ಹರಿವು ಬೇಕು, ಕಲ್ಲು ಬೇಕು, ಆಮ್ಲಜನಕ ತುಂಬಿದ ತಿಳಿನೀರು ಬೇಕು. ಕೊಳಚೆ ತಾಳದ ಈ ಮರಿ, ಹಳ್ಳದ ನೀರು ಚೆನ್ನಾಗಿದೆಯೇ ಎಂಬುದಕ್ಕೆ ಒಂದು ಗುರುತು. ಹುಬ್ಬಳ್ಳಿಯ ಕೊಳಚೆ ಹೊತ್ತು ಹರಿಯುವ ಉಣಕಲ್ ನಾಲೆಯಲ್ಲಿ ಅದನ್ನು ಹುಡುಕಿ ಫಲವಿಲ್ಲ. ಕಲಘಟಗಿಯ ಪಡುವಣ ಅಂಚು, ಹಾನಗಲ್ಲಿನ ಕಾಡಿನ ಸೆರಗು, ಇಲ್ಲಿನ ನೆರಳಿರುವ ಕಲ್ಲುಹಳ್ಳಗಳಿಂದ ಶುರು ಮಾಡಿ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವುದು ಈ ಕೀಟಗಳ ಪರ್ಲಿಡೇ ಕುಟುಂಬದ ನಿಯೋಪರ್ಲಾ ಎಂಬ ಕುಲ.

ಮಳೆಗಾಲದ ಸೆಳವು ಇಳಿದ ಮೇಲೆ, ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಹಳ್ಳ ತುಂಬಿ ಹರಿದ ಮರುದಿನವೇ ಹೋದರೆ ಮರಿಗಳು ಕೊಚ್ಚಿಹೋಗಿರುತ್ತವೆ. ಅರ್ಧ ಮಿಲಿಮೀಟರ್ ಕಣ್ಣಿನ, 30 ಸೆಂ.ಮೀ. ಅಗಲದ ಬಲೆ, ಬಿಳಿ ಟ್ರೇ, ಮೆತ್ತನೆ ಬ್ರಷ್, 10 ಪಟ್ಟು ಹಿಗ್ಗಿಸುವ ಮಸೂರ ಇದ್ದರೆ ಸಾಕು. ಕಿಟಕಿಗೆ ಹಾಕುವ ಸೊಳ್ಳೆಪರದೆಯ ಕಣ್ಣು ದೊಡ್ಡದು, ಚಿಕ್ಕ ಮರಿಗಳು ನುಸುಳಿಬಿಡುತ್ತವೆ.

ನೀರು ಮೊಣಕಾಲಿನಷ್ಟಿದ್ದು ಕಲ್ಲಿನ ಮೇಲೆ ನೊರೆಯೇಳುವ ಜಾಗ ಆರಿಸಿ. ಬಲೆಯ ಬಾಯನ್ನು ಹರಿವಿಗೆ ಎದುರಾಗಿ, ತಳಕ್ಕೆ ತಾಗಿಸಿ ಹಿಡಿಯಿರಿ. ಅದರ ಮುಂದೆ ನಿಂತು 3 ನಿಮಿಷ ಕಾಲಿನಿಂದ ಕಲ್ಲು ಕದಡಿ. ದೊಡ್ಡ ಕಲ್ಲುಗಳನ್ನು ಎತ್ತಿ ಬಲೆಯ ಬಾಯಲ್ಲೇ ಉಜ್ಜಿ, ಇದ್ದಲ್ಲೇ ಇಡಿ. ಎಲೆ ತುಂಬಿ ಬಲೆ ಕಟ್ಟಿಕೊಂಡರೆ ನೀರು ಪಕ್ಕಕ್ಕೆ ಹಾಯುತ್ತದೆ, ಮರಿಗಳೂ ಹಾಗೇ ತಪ್ಪಿಸಿಕೊಳ್ಳುತ್ತವೆ. ನಡುವೆ ಒಮ್ಮೆ ಖಾಲಿ ಮಾಡಿ.

ಗುರುತಿಸುವಾಗ ಎಡವುವುದು ನೀರಿನಲ್ಲೇ ಬೆಳೆಯುವ ಇನ್ನೊಂದು ಕೀಟ, ಮೇಫ್ಲೈಯ ಮರಿಯ ಹತ್ತಿರ. ಬಾಲ ಎಣಿಸಿಯೇ ಮುಗಿಸಬೇಡಿ. ಸ್ಟೋನ್‌ಫ್ಲೈಗೆ ಎರಡು ಬಾಲ, ಮೇಫ್ಲೈಗೆ ಸಾಮಾನ್ಯವಾಗಿ ಮೂರು, ಆದರೆ ಮೇಫ್ಲೈಗಳಲ್ಲೂ ಎರಡೇ ಬಾಲದವು ಇವೆ. ಮಸೂರದಲ್ಲಿ ಪಾದ ನೋಡಿ: ಸ್ಟೋನ್‌ಫ್ಲೈಗೆ ಎರಡು ಉಗುರು, ಮೇಫ್ಲೈಗೆ ಒಂದೇ. ಮೇಫ್ಲೈಯ ಕಿವಿರುಗಳು ಹೊಟ್ಟೆಯ ಅಂಚಿಗಿರುತ್ತವೆ; ಪರ್ಲಿಡೇ ಮರಿಯವು ಎದೆಯಲ್ಲಿ, ಕಾಲಿನ ಬುಡದಲ್ಲಿ ಕುಚ್ಚು ಕಟ್ಟಿದಂತೆ ಕಾಣುತ್ತವೆ. ಪರ್ಲಿಡೇ ಮರಿ ಬೇಟೆಗಾರ, ಟ್ರೇಯ ಉಳಿದ ಹುಳುಗಳನ್ನು ತಿಂದುಬಿಡುತ್ತದೆ. ಬೇರೆ ಬಟ್ಟಲಿಗೆ ಹಾಕಿ.

ಟ್ರೇ ಬಿಸಿಲಿಗಿಡಬೇಡಿ. ಬೆಚ್ಚಗಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮರಿ ಗರಡಿಯಲ್ಲಿ ದಂಡ ಹೊಡೆದಂತೆ ಮೈಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಕಿವಿರಿಗೆ ಹೊಸ ನೀರು ತಾಗಿಸಿಕೊಳ್ಳಲು. ಅದು ಕಂಡ ಕೂಡಲೇ ನೀರು ಬದಲಿಸಿ. ಎಣಿಸಿದ ಮೇಲೆ ಹಿಡಿದ ಜಾಗಕ್ಕೇ ಬಿಡಿ.

ಸಿಗದಿದ್ದರೆ ಹಳ್ಳ ಕೆಟ್ಟಿದೆ ಎಂದು ತಕ್ಷಣ ಬರೆದುಕೊಳ್ಳಬೇಡಿ. ಗದಗಿನ ಕಪ್ಪತಗುಡ್ಡದಿಂದ ಇಳಿಯುವ ತೊರೆಗಳು ಬೇಸಿಗೆಯಲ್ಲಿ ಬತ್ತುತ್ತವೆ. ಎರೆಭೂಮಿಯ ಹಳ್ಳಗಳಲ್ಲಿ ಹೂಳು ಕಲ್ಲಿನ ಸಂದುಗಳನ್ನೇ ಮುಚ್ಚುತ್ತದೆ. ಅಲ್ಲಿ ಕೊಳಚೆಯಿಲ್ಲದಿದ್ದರೂ ಮರಿ ನಿಲ್ಲಲಾರದು. ಒಂದೇ ಹಳ್ಳದಲ್ಲಿ ಊರಿನ ಮೇಲೆ ಮತ್ತು ಕೆಳಗೆ, ಒಂದೇ ದಿನ, ಒಂದೇ ತರಹದ ತಳದಲ್ಲಿ ಬಲೆ ಹಿಡಿಯಿರಿ. ಮೇಲೆ ಸಿಕ್ಕು ಕೆಳಗೆ ಸಿಗದಿದ್ದರೆ, ನಡುವೆ ಹಳ್ಳಕ್ಕೆ ಸೇರುವ ಗಟಾರಗಳನ್ನು ಒಂದೊಂದಾಗಿ ನೋಡುತ್ತ ಬನ್ನಿ.